ಮರೆತವರ ಋಣ

ನಮ್ಮ ಹೊರನಾಡ ಸಂಸಾರಗಳಲ್ಲಿ ಈಚೆಗೆ ಒಂದು ಪ್ರಶ್ನೆ ದನಿ ತಗ್ಗಿಸಿಕೊಂಡೇ ಕೇಳಿಬರುತ್ತಿದೆ. ನೆನಪು ಕಳೆದುಕೊಂಡ ತಾಯಿಯನ್ನೋ ತಂದೆಯನ್ನೋ ಆರೈಕೆಯ ಮನೆಯೊಂದರಲ್ಲಿ ಇರಿಸುವುದು ಧರ್ಮವೇ? ಇದು ದೊಡ್ಡ ವೃದ್ಧಾಶ್ರಮದ ಮಾತಲ್ಲ. ಎಂಟೋ ಹತ್ತೋ ಜನ, ಒಂದೇ ಅಡಿಗೆಮನೆ, ಹಗಲಿರುಳು ನೋಡಿಕೊಳ್ಳುವ ಪರಿಚಿತ ಮುಖಗಳು ಇರುವ ಚಿಕ್ಕ ಮನೆಯ ಮಾತು. ಇರಿಸಿದರೆ ಕೈಬಿಟ್ಟಂತೆ ಎನ್ನುವವರಿದ್ದಾರೆ; ಇರಿಸದಿದ್ದರೆ ಮನೆಯೇ ಮುರಿಯುತ್ತದೆ ಎನ್ನುವವರೂ ಇದ್ದಾರೆ. ಎರಡನ್ನೂ ತೂಗಿ ನೋಡೋಣ.

'ಅರವತ್ತಕ್ಕೆ ಅರಳು ಮರಳು' ಎಂದು ನಾವು ನಕ್ಕು ಬಿಡುತ್ತೇವೆ. ಆದರೆ ಇದು ಮುಪ್ಪಿನ ಚಾಳಿಯಲ್ಲ, ಮಿದುಳಿನ ಕಾಯಿಲೆ. ಇದರ ಮುಖ್ಯ ರೂಪವೊಂದನ್ನು ಜರ್ಮನಿಯ ವೈದ್ಯ ಆಲ್ಜ್‌ಹೈಮರ್ 1906ರಲ್ಲೇ ವೈದ್ಯಲೋಕದ ಮುಂದಿಟ್ಟರು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4, ಅಂದರೆ ಸುಮಾರು 88 ಲಕ್ಷ ಜನ ಮರೆವಿನ ಕಾಯಿಲೆಗೆ ಒಳಗಾಗಿದ್ದಾರೆ. ಕೇಳಿದ್ದನ್ನೇ ಕೇಳುವುದು, ಉಂಡದ್ದನ್ನು ಇಲ್ಲವೆನ್ನುವುದು ಹಟವಲ್ಲ, ರೋಗ. ಇಷ್ಟು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಪುಣೆ-ಸೊಲ್ಲಾಪುರ ಹೆದ್ದಾರಿಯ ಇಂದಾಪುರದಂಥ ಊರಿನಲ್ಲಿ ನೆಲೆಸಿದ ಒಂದು ಕನ್ನಡ ಸಂಸಾರವನ್ನು ಊಹಿಸೋಣ. ವಿಜಯಪುರದ ಕಡೆಯ ಅವ್ವ ಮಗನ ಮನೆಗೆ ಬಂದಿದ್ದಾಳೆ. ರಾತ್ರಿ ಎರಡು ಗಂಟೆಗೆ ಎದ್ದು 'ಊರಿಗೆ ಹೋಗ್ತೀನಿ' ಎಂದು ಬಾಗಿಲ ಚಿಲಕ ಎಳೆಯುತ್ತಾಳೆ. ಸ್ವಂತ ಊರಿನಲ್ಲಾದರೆ ದಾರಿ ತಪ್ಪಿದ ಮುದುಕಿಯನ್ನು ನಾಲ್ಕು ಮನೆಯವರು ಕೈಹಿಡಿದು ಕರೆತಂದಾರು. ಇಲ್ಲಿ ಆಕೆ ಯಾರ ತಾಯಿ ಎಂಬುದು ಪಕ್ಕದ ಓಣಿಗೂ ಗೊತ್ತಿಲ್ಲ. ಹೀಗಾಗಿ ಮನೆಯಲ್ಲೊಬ್ಬರು ನಿದ್ದೆಗೆಟ್ಟು ಕಾಯಬೇಕು. ಆ ಒಬ್ಬರು ಯಾರು? ಬಹುಮಟ್ಟಿಗೆ ಸೊಸೆ. 'ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ' ಎನ್ನುವಾಗ ಆ 'ನಾವು' ಎಂಬುದರಲ್ಲಿ ಯಾರ ಸೊಂಟ ನೋಯುತ್ತಿದೆ ಎಂದು ಕೇಳಿಕೊಳ್ಳುವುದು ನ್ಯಾಯ.

ಆಷಾಢದಲ್ಲಿ ತುಕಾರಾಮರ ಪಲ್ಲಕ್ಕಿ ಇಂದಾಪುರದ ಮೇಲೆಯೇ ಪಂಢರಪುರಕ್ಕೆ ಸಾಗುತ್ತದೆ. ತಾಯಿತಂದೆಯರ ಸೇವೆಯಲ್ಲಿದ್ದ ಪುಂಡಲೀಕ ದೇವರನ್ನೂ ಇಟ್ಟಿಗೆಯ ಮೇಲೆ ನಿಲ್ಲಿಸಿ ಕಾಯಿಸಿದನೆಂಬ ಕಥೆ ನಮಗೆಲ್ಲ ಗೊತ್ತು. ಆದರೆ ಇಂದಿನ ಪುಂಡಲೀಕನ ಬಾಗಿಲಲ್ಲಿ ನಿಂತಿರುವುದು ಮನೆ ಬಾಡಿಗೆ, ಮಕ್ಕಳ ಪರೀಕ್ಷೆ, ಕಾರ್ಖಾನೆಯ ಪಾಳಿ. ಇವು ಇಟ್ಟಿಗೆಯ ಮೇಲೆ ನಿಲ್ಲುವುದಿಲ್ಲ. ಶ್ರವಣಕುಮಾರನ ಕಥೆಯನ್ನೂ ಪೂರ್ತಿ ನೆನೆಯಬೇಕು. ಹೊತ್ತವನು ಒಬ್ಬನೇ; ಅವನು ಬಿದ್ದಾಗ ಆ ಕುರುಡು ದಂಪತಿಗಳಿಗೆ ಒಂದು ಗುಟುಕು ನೀರು ಕೊಡಲು ಅವನವರೆಂಬವರು ಇನ್ನೊಬ್ಬರಿರಲಿಲ್ಲ. ಭಾರವನ್ನು ಒಬ್ಬರೇ ಹೊರುವುದು ಸೇವೆಯ ಲಕ್ಷಣವಲ್ಲ. ಹೊರಲು ಇನ್ನಷ್ಟು ಹೆಗಲು ಹುಡುಕುವುದೂ ಸೇವೆಯೇ.

ಚಿಕ್ಕ ಮನೆ ಅಂಥ ಹೆಗಲಾಗಬಲ್ಲದು. ಅಮೆರಿಕದ ಟುಪೆಲೊ ಎಂಬ ಊರಿನಲ್ಲಿ 2003ರಲ್ಲಿ ಹತ್ತು-ಹನ್ನೆರಡು ಜನರ ಇಂಥ ಮನೆಗಳನ್ನು ಆರಂಭಿಸಿದರು. ಇದರ ತತ್ತ್ವ ಸರಳ. ಮರೆವಿನವರಿಗೆ ಉದ್ದನೆಯ ಓಣಿ, ದಿನಕ್ಕೊಂದು ಹೊಸ ಮುಖ, ಗದ್ದಲ ಭಯ ಹುಟ್ಟಿಸುತ್ತವೆ. ಅದೇ ಕುರ್ಚಿ, ಅದೇ ಹೊತ್ತಿನ ಊಟ, ಒಗ್ಗರಣೆಯ ವಾಸನೆ ಧೈರ್ಯ ಕೊಡುತ್ತವೆ.

ಆದರೆ ನಮಗೆ ಇನ್ನೊಂದು ತೊಡಕಿದೆ, ಅದು ಭಾಷೆ. ಎರಡು ಭಾಷೆ ಬಲ್ಲವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತೆಂದು ಹೈದರಾಬಾದಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಡಾ. ಸುವರ್ಣಾ ಅಲ್ಲಾಡಿಯವರ ತಂಡದ ಅಧ್ಯಯನ ಹೇಳಿತು. ಸಂತೋಷದ ಮಾತೇ. ಆದರೆ ಕಾಯಿಲೆ ಬಲಿತಾಗ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸರಿಯುತ್ತದೆ. ಇಂದಾಪುರ ತಾಲೂಕಿನ ಪಳಸದೇವದ ಹಳೆಯ ಗುಡಿ ಉಜನಿ ಜಲಾಶಯದ ನೀರಿನಲ್ಲಿ ಮುಳುಗಿದ್ದು, ನೀರು ತೀರ ಇಳಿದ ಬೇಸಿಗೆಯಲ್ಲಿ ಹೊರಗೆ ಕಾಣುತ್ತದೆ. ಹಾಗೆಯೇ ನಲವತ್ತು ವರ್ಷದ ಮರಾಠಿ ಇಳಿದುಹೋಗಿ, ಬಾಲ್ಯದ ಕನ್ನಡ ಮೇಲೆ ನಿಲ್ಲುತ್ತದೆ. ಆಗ 'ನೀರು', 'ಬಚ್ಚಲು', 'ಹೊಟ್ಟಿ ನೋಯ್ತದ' ಎಂಬ ಮಾತು ತಿಳಿಯದ ಮನೆಯಲ್ಲಿ ಅವ್ವ ನಿಜವಾಗಿಯೂ ಪರದೇಶಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಸಂಸ್ಥೆಯ ಆರೈಕೆ ಕೇಂದ್ರವಿದೆ, ಅಲ್ಲಿ ಕನ್ನಡವಿದೆ. ಆದರೆ ಮಗ ದೂರ. ಇಲ್ಲಿ ಮಗ ಹತ್ತಿರ, ಕನ್ನಡ ದೂರ.

'ನಮ್ಮ ಗುರುತೇ ಇಲ್ಲದ ಮೇಲೆ ಹೋಗಿ ಮಾಡುವುದೇನು?' ಎಂಬ ಮಾತೂ ಕೇಳುತ್ತೇವೆ. ಋಣ ಎಂಬುದು ಸಾಲ ಕೊಟ್ಟವರು ಮರೆತರೆ ತೀರಿಹೋಗುವ ಲೆಕ್ಕವಲ್ಲ. ನಾವು ಕೂಸಾಗಿದ್ದಾಗ ಆಕೆಯ ಹೆಸರು ತಿಳಿದು ಹಾಲು ಕುಡಿದವರಲ್ಲ. ಬಂದವರು ಯಾರೆಂಬುದು ಆಕೆಗೆ ಮರೆಯಬಹುದು. ಅವರು ಬಂದಾಗಿನ ನೆಮ್ಮದಿ ಅವರು ಹೋದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. 2007ರ ಕಾನೂನು ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ಪ್ರತಿ ತಿಂಗಳು ಹಣ ಕಳಿಸಿ ಮುಖ ತೋರದ ಮಗನನ್ನು ಯಾವ ಕಾನೂನು ಹಿಡಿದೀತು?

ಆದುದರಿಂದ ಇರಿಸುವುದು ಅಧರ್ಮವಲ್ಲ, ಇರಿಸಿ ಮರೆಯುವುದು ಅಧರ್ಮ ಎಂಬುದು ನಮ್ಮ ಎಣಿಕೆ. ಹಿರಿಯರಿಗೆ ಮಾತು ಇರುವಾಗಲೇ ಅವರ ಇಷ್ಟ ಕೇಳಿಡಬೇಕು. ಮನೆ ಗೊತ್ತುಮಾಡುವ ಮುನ್ನ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ ನೋಡಬೇಕು. ಆರೈಕೆಯವರಿಗೆ ಇಪ್ಪತ್ತು ಕನ್ನಡ ಮಾತು ಬರೆದು ಕಲಿಸಬೇಕು. ಇನ್ನು ಸಂಘದವರಾದ ನಾವು ರಾಜ್ಯೋತ್ಸವಕ್ಕೆ ಸೇರುವ ಉತ್ಸಾಹದ ಒಂದು ಪಾಲನ್ನು ಸರದಿಯಂತೆ ಇಂಥವರ ಬಳಿ ಒಂದು ಗಂಟೆ ಕೂತು 'ಅವ್ವಾ, ಊಟ ಆತೇನ?' ಎನ್ನುವುದಕ್ಕೂ ಮೀಸಲಿಟ್ಟರೆ, ಕನ್ನಡದ ಸೇವೆಯೂ ಅದೇ, ತಾಯಿಯ ಸೇವೆಯೂ ಅದೇ.