ಮಾರಿದವನ ಋಣ

ಒಂದು ವಸ್ತುವನ್ನು ಮಾರಿ, ಹಣ ಎಣಿಸಿಕೊಂಡು, ರಸೀದಿ ಬರೆದುಕೊಟ್ಟೊಡನೆ ಮಾರಿದವನ ಋಣ ತೀರಿತೆ? ಕೊಂಡವನಿಗೂ ಆತನಿಗೂ ಇದ್ದ ಸಂಬಂಧವು ಅಲ್ಲಿಗೆ ಮುಗಿಯಿತೆ, ಅಥವಾ ಅಲ್ಲಿಂದಲೇ ಮೊದಲಾಯಿತೆ? ಪ್ರಶ್ನೆ ಹಳೆಯದೇ. ಆದರೆ ಎತ್ತಿನ ಜಾಗಕ್ಕೆ ಯಂತ್ರವು ಬಂದ ಮೇಲೆ ಅದಕ್ಕೆ ಹೊಸದೊಂದು ತೀವ್ರತೆ ಒದಗಿದೆ. ಜತ್ತ, ಸೊಲ್ಲಾಪುರ ಸೀಮೆಗಳ ದ್ರಾಕ್ಷಿ ತೋಟಗಳಲ್ಲಿ ಓಡಾಡುವ ಚಿಕ್ಕ ಟ್ರ್ಯಾಕ್ಟರನ್ನೇ ಉದಾಹರಣೆಯಾಗಿಟ್ಟುಕೊಂಡು ನಾವು ಇದನ್ನು ವಿಚಾರಿಸೋಣ.

ದೊಡ್ಡ ಟ್ರ್ಯಾಕ್ಟರು ದ್ರಾಕ್ಷಿಯ ಸಾಲುಗಳ ನಡುವೆ ಹಿಡಿಸುವುದಿಲ್ಲ. ಅದಕ್ಕೆಂದೇ ರೈತನು ಇಪ್ಪತ್ತು, ಇಪ್ಪತ್ತೈದು ಅಶ್ವಶಕ್ತಿಯ ಗಿಡ್ಡ ಯಂತ್ರವನ್ನು ಸಾಲ ಮಾಡಿ ಕೊಳ್ಳುತ್ತಾನೆ. ಅದರ ಹಿಂಬದಿಯ ದಂಡವು ನಿಮಿಷಕ್ಕೆ ಸುಮಾರು 540 ಸುತ್ತು ತಿರುಗಿ ಔಷಧ ಹೊಡೆಯುವ ಪಂಪನ್ನು ನಡೆಸುತ್ತದೆ. ಅಕ್ಟೋಬರದ ಚಾಟನಿ ಮುಗಿದು ಬಳ್ಳಿ ಹೂಗೊಂಚಲು ಬಿಡುವ ಹೊತ್ತಿಗೆ ಅಕಾಲದ ಮಳೆ ಬಿದ್ದರೆ ಬೂಜು ರೋಗವು ಗೊಂಚಲಿಗೇ ಹತ್ತುತ್ತದೆ. ಆಗ ಔಷಧವನ್ನು ತಡಮಾಡದೆ ಹೊಡೆಯಬೇಕು. ಆ ಹೊತ್ತಿನಲ್ಲಿ ಹೊಸ ಯಂತ್ರವು ಸಾಲಿನ ನಡುವೆ ನಿಂತುಬಿಟ್ಟರೆ, ಡೀಲರನ ಅಂಗಡಿಯಿಂದ ಬಿಡಿಭಾಗ ‘ಎಂಟು ದಿನದಲ್ಲಿ ಬರುತ್ತದೆ’ ಎಂಬ ಉತ್ತರ ಬಂದರೆ, ಆ ಎಂಟು ದಿನದ ಬೆಲೆ ಒಂದು ವರ್ಷದ ಬೆಳೆ. ವಾರಂಟಿಯು ಕೆಟ್ಟ ಭಾಗವನ್ನು ಪುಕ್ಕಟೆಯಾಗಿ ಬದಲಿಸಿಕೊಡುತ್ತದೆ. ಕಳೆದುಹೋದ ದಿನವನ್ನು ಬದಲಿಸಿಕೊಡಲಾರದು.

ಹಿಂದೆ ಎತ್ತು ಕೊಳ್ಳುವ ರೀತಿ ಬೇರೆಯಿತ್ತು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ರೈತನು ಖಿಲಾರಿ ಹೋರಿಯ ಹಲ್ಲು ನೋಡುತ್ತಿದ್ದನು, ಸುಳಿ ನೋಡುತ್ತಿದ್ದನು, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಐಬು ಹಿಡಿಯುತ್ತಿದ್ದನು. ಆತನ ಕಣ್ಣಿಗೆ ಆ ವಿದ್ಯೆಯಿತ್ತು. ಆದುದರಿಂದ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ನಿಯಮಕ್ಕೆ ಅಲ್ಲಿ ಒಂದು ನ್ಯಾಯವಿತ್ತು. ಯಂತ್ರದ ಮುಂದೆ ಆ ಕಣ್ಣು ಕುರುಡು. ಇಂಧನದ ಪಂಪಿನೊಳಗೆ, ಗೇರಿನ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಬಣ್ಣ ನೋಡಿ ತಿಳಿಯಲಾಗದು. ನೋಡಬಲ್ಲವನು ಮಾಡಿದವನೊಬ್ಬನೇ. ಅರಿವು ಯಾರ ಕಡೆಗೆ ಸರಿದಿದೆಯೋ ಹೊಣೆಯೂ ಅವನ ಕಡೆಗೇ ಸರಿಯಬೇಕು. ಇದು ಧರ್ಮದ ಲೆಕ್ಕ. ಕಾನೂನೂ ಮೆಲ್ಲನೆ ಇದೇ ದಾರಿ ಹಿಡಿದಿದೆ. 1930ರ ಸರಕು ಮಾರಾಟದ ಕಾಯಿದೆಯು ಕೊಳ್ಳುವವನ ಎಚ್ಚರದ ನಿಯಮವನ್ನು ಉಳಿಸಿಕೊಂಡಿದ್ದರೂ, ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡ ಪ್ರಸಂಗಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವುಳ್ಳ ವಸ್ತುವಿನಿಂದಾದ ಹಾನಿಗೆ ತಯಾರಕ, ಮಾರಾಟಗಾರ, ಸೇವೆ ಮಾಡುವವ, ಈ ಮೂವರನ್ನೂ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿತು.

ಹಾಗಾದರೆ ಯಂತ್ರ ಕೆಟ್ಟದ್ದೇ ಒಂದು ಪಾಪವೆ? ಹಾಗೆನ್ನಲಾಗದು. ಸಾವಿರಾರು ಬಿಡಿಭಾಗಗಳು ಸೇರಿ ಆದ ಯಂತ್ರದಲ್ಲಿ ಎಲ್ಲೋ ಒಂದು ಕೊಳವೆ ಸಡಿಲವಾಗಿರುತ್ತದೆ, ಒಂದು ಸೀಲು ಸೋರುತ್ತದೆ. ತಯಾರಿಕೆಯ ಕೊರತೆಗಳು ಹೆಚ್ಚಾಗಿ ಮೊದಲ ತಾಸುಗಳಲ್ಲಿಯೇ ತಲೆಯೆತ್ತುವುದು ಯಂತ್ರಶಾಸ್ತ್ರ ಬಲ್ಲವರಿಗೆ ತಿಳಿದ ಸಂಗತಿ. ದೋಷವು ಮನುಷ್ಯನ ಕೈಕೆಲಸದ ಸಹಜ ಮಿತಿ. ದೋಷ ಕಂಡ ಮೇಲಿನ ನಡತೆಗೆ ಮಾತ್ರ ಅಂಥ ಮಿತಿಯ ನೆಪವಿಲ್ಲ. ನೀತಿಯ ಪರೀಕ್ಷೆ ನಡೆಯುವುದು ಅಲ್ಲಿಯೇ.

ಒಂದು ಸಾಮಾನ್ಯ ಪ್ರಸಂಗವನ್ನು ನೋಡೋಣ. ಬಿಸಿಯಾದಾಗ ಮಾತ್ರ ನಿಲ್ಲುವ ಟ್ರ್ಯಾಕ್ಟರು ಡೀಲರನ ಅಂಗಳಕ್ಕೆ ಬರುವಷ್ಟರಲ್ಲಿ ತಣ್ಣಗಾಗಿ ಸೊಗಸಾಗಿ ಓಡುತ್ತದೆ. ‘ಏನೂ ದೋಷವಿಲ್ಲ’ ಎಂದು ಬರೆದು ಹಿಂದಕ್ಕೆ ಕಳುಹಿಸುತ್ತಾರೆ. ಮೂರನೆಯ ದಿನ ಅದು ಮತ್ತೆ ನಿಲ್ಲುತ್ತದೆ. ಇಲ್ಲಿ ರೈತನಿಗೆ ಎರಡು ನಷ್ಟ: ದಿನ ಹೋಯಿತು, ಜೊತೆಗೆ ತನ್ನ ಮಾತಿನ ಬೆಲೆಯೂ ಹೋಯಿತು. ‘ನಮಗೆ ಕಾಣಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಅಳಿಸುವುದು ಅಸತ್ಯದ ಒಂದು ಬಗೆ. ಹೊರೆ ಹೊರಿಸಿ ಎರಡು ತಾಸು ಓಡಿಸಿ ನೋಡಿದ ಮೇಲಷ್ಟೇ ಆ ಮಾತನ್ನು ಬರೆಯುವ ಅಧಿಕಾರ ಬರುತ್ತದೆ.

ಡೀಲರನ ಪಕ್ಷವನ್ನೂ ಕೇಳಬೇಕು. ಆತನು ಯಂತ್ರವನ್ನು ಮಾಡಿದವನಲ್ಲ. ಬಿಡಿಭಾಗವು ದೂರದ ಉಗ್ರಾಣದಿಂದ ಬರಬೇಕು. ವಾರಂಟಿಯ ಖರ್ಚಿಗೆ ಕಂಪನಿಯ ಒಪ್ಪಿಗೆ ಬೇಕು. ಇದೆಲ್ಲವೂ ನಿಜ. ಆದರೆ ಕಂಪನಿಯ ಹೆಸರನ್ನು ಬಾಗಿಲ ಮೇಲೆ ಬರೆಸಿ ಲಾಭ ಪಡೆದವನು ಆ ಹೆಸರಿನ ಭಾರವನ್ನೂ ಹೊರಬೇಕಾಗುತ್ತದೆ. ತನ್ನ ಶಕ್ತಿಗೆ ಮೀರಿದ್ದನ್ನು ಮಾಡೆಂದು ಆತನನ್ನು ಯಾರೂ ಕೇಳಲಾರರು. ಭಾಗ ಬರುವ ದಿನವನ್ನು ಇದ್ದಂತೆ ಹೇಳುವುದು, ಕಂಪನಿಗೆ ಬರೆದು ಒತ್ತಾಯಿಸುವುದು, ಸಾಧ್ಯವಾದರೆ ಹಂಗಾಮು ಕಳೆಯುವವರೆಗೆ ಬೇರೊಂದು ಯಂತ್ರವನ್ನು ಕೊಡುವುದು, ಇವು ಆತನ ಶಕ್ತಿಯೊಳಗಿವೆ. ಹೊಣೆಯನ್ನು ಮೂವರಲ್ಲಿ ಹಂಚಿದಾಗ ಪ್ರತಿಯೊಬ್ಬನೂ ಅದು ಉಳಿದಿಬ್ಬರಲ್ಲಿದೆಯೆಂದು ತಿಳಿದರೆ, ಹೊಣೆಯೇ ಇಲ್ಲವಾಗುತ್ತದೆ.

ಕೊಂಡವನಿಗೂ ಧರ್ಮವುಂಟು. ಹೇಳಿದ ತಾಸಿಗೆ ಎಣ್ಣೆ ಬದಲಿಸದೆ, ಧೂಳು ತುಂಬಿದ ಗಾಳಿಯ ಫಿಲ್ಟರನ್ನು ಶುಚಿಗೊಳಿಸದೆ, ನೀರು ಬೆರೆತ ಡೀಸೆಲ್ ಹಾಕಿ, ಬಳಿಕ ಅದನ್ನು ಮುಚ್ಚಿಟ್ಟು ಜಗಳಕ್ಕೆ ನಿಂತರೆ, ನಾಳೆ ನಿಜ ಹೇಳುವ ಇನ್ನೊಬ್ಬ ರೈತನ ಮಾತಿಗೂ ಬೆಲೆ ಸಿಗದು.

ಇನ್ನೊಂದು ಪ್ರಶ್ನೆ ಉಳಿಯಿತು. ಊರಿನ ಮೇಸ್ತ್ರಿಯು ಸರಿಪಡಿಸಬಲ್ಲ ಕೆಲಸಕ್ಕೂ ರೈತನು ಡೀಲರನ ಬಾಗಿಲನ್ನೇ ಕಾಯಬೇಕೆ? ಅಮೆರಿಕದ ಕೊಲೊರಾಡೊ ರಾಜ್ಯವು 2023ರಲ್ಲಿ ಕಾಯಿದೆ ಮಾಡಿ, ಕೃಷಿಯಂತ್ರಗಳ ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಒಡೆಯನಿಗೂ ಸ್ವತಂತ್ರ ಮೇಸ್ತ್ರಿಗೂ ತಯಾರಕರು ಒದಗಿಸಬೇಕೆಂದಿತು. ನಮ್ಮ ಕೇಂದ್ರ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕಿನ ಯೋಜನೆಗೆ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಅರೆತಿಳಿದವನು ಕೈಯಿಟ್ಟರೆ ಅಪಾಯವೆಂಬ ತಯಾರಕರ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಅರೆತಿಳಿವಿಗೆ ಮದ್ದು ಪೂರ್ಣ ತಿಳಿವೇ. ಬಚ್ಚಿಡುವುದರಿಂದ ಅದು ವಾಸಿಯಾಗದು.

ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಕೀರ್ತಿ ಈ ನಾಡಿಗೆಲ್ಲ ತಿಳಿದದ್ದು. ಕೆರೆಯೆಂಬುದು ಕಟ್ಟಿದ ದಿನಕ್ಕೆ ಮುಗಿಯುವ ಕೆಲಸವಲ್ಲ. ಹೂಳು ತೆಗೆಯುತ್ತಿದ್ದರೆ ಮಾತ್ರ ಅದು ಕೆರೆ. ಮಾಡಿದ ವಸ್ತುವಿನ ಬೆನ್ನಿಗೆ ನಿಲ್ಲುವುದೂ ಕಾಯಕದ ಭಾಗವೆಂದು ನಾವು ತಿಳಿಯುತ್ತೇವೆ. ಆದುದರಿಂದ ಮಾರಿದವನ ಋಣವು ರಸೀದಿಯೊಂದಿಗೆ ತೀರುವುದಿಲ್ಲ. ಕೊಂಡವನು ಯಾವ ಕೆಲಸವನ್ನು ನಂಬಿ ಕೊಂಡನೋ ಆ ಕೆಲಸ ಸಲ್ಲುವವರೆಗೆ ಅದು ಉಳಿದಿರುತ್ತದೆ.

ಗಡಿಯ ಶಾಲೆಗಳ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ದುರಸ್ತಿಯ ಚೀಟಿಯು ಹಲವು ಸಲ ತಂದೆಗೆ ಓದಲು ಬಾರದ ಭಾಷೆಯಲ್ಲಿರುತ್ತದೆ. ಆತನು ನಂಬಿಕೆಯ ಮೇಲೆ ರುಜು ಹಾಕುತ್ತಾನೆ. ರುಜುವಿಗೆ ಮೊದಲು ಅದನ್ನು ಓದಿ ಹೇಳಿರಿ. ಯಂತ್ರ ನಿಂತ ದಿನ, ಮೀಟರಿನ ತಾಸು, ಹೇಳಿದ ದೂರು, ಬದಲಿಸಿದ ಭಾಗ, ಇವನ್ನು ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆದಿಡಿರಿ. ಬರೆದಿಟ್ಟ ಸತ್ಯವನ್ನು ‘ಏನೂ ದೋಷವಿಲ್ಲ’ ಎಂಬ ಒಂದು ಸಾಲಿನಿಂದ ಅಳಿಸುವುದು ಸುಲಭವಲ್ಲ.