ವಿಚಾರಿಸಿದವನು ಕಟ್ಟಲಿ
(ನೆಹೆಮೀಯ 1 ಮತ್ತು 2ನೆಯ ಅಧ್ಯಾಯಗಳು)

ನೆಹೆಮೀಯನು ಅರಸನ ಪಾನದಾಯಕನಾಗಿದ್ದನು. ಅರಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಆದಾಗ್ಯೂ ಹನಾನಿಯು ಯೆಹೂದದಿಂದ ಬಂದಾಗ, ಸೆರೆಯಿಂದ ಉಳಿದವರ ಕ್ಷೇಮವನ್ನು ವಿಚಾರಿಸಿದನು. ಕೇಳಿ ಅತ್ತನು, ಪ್ರಾರ್ಥಿಸಿದನು. ಬಳಿಕ ತಾನೇ ಹೋಗಿ ಮುರಿದ ಗೋಡೆಗಳನ್ನು ರಾತ್ರಿಯಲ್ಲಿ ನೋಡಿ, ಕಟ್ಟುವದಕ್ಕೆ ಜನರನ್ನು ಕರೆದನು. ವಿಚಾರಿಸುವದು ಸೇವೆಯೇ ಸರಿ, ಆದರೆ ಅರ್ಧ ಸೇವೆ.

ಕಾಗಿಣಾ ದಡದ ನಮ್ಮ ಮಳಖೇಡವೂ ಮುರಿದ ಗೋಡೆಗಳ ಊರು. ರಾಷ್ಟ್ರಕೂಟರ ಈ ರಾಜಧಾನಿಯು 972ರಲ್ಲಿ ಸೂರೆಹೋಯಿತು. 1948ರಲ್ಲಿ ನಮ್ಮ ಸೀಮೆಯು ಮತ್ತೆ ನೊಂದಿತು. ರಜಾಕಾರರ ಉಪದ್ರವಕ್ಕೆ ಹೆದರಿ ಅನೇಕ ಹಿಂದೂಗಳು ಗಡಿ ದಾಟಿ ಓಡಿದರು. ಸೆಪ್ಟೆಂಬರಿನ ಸೈನ್ಯ ಕಾರ್ಯಾಚರಣೆಯ ಬಳಿಕ ಅನೇಕ ಮುಸಲ್ಮಾನರು ಪ್ರಾಣವನ್ನೂ ಮನೆಗಳನ್ನೂ ಕಳೆದುಕೊಂಡರು. ಆ ವರುಷದ ಕೊನೆಯಲ್ಲಿ ಪಂಡಿತ ಸುಂದರಲಾಲರ ಸಮಿತಿಯು ಬಂದು ವಿಚಾರಿಸಿತು. ಹೈದರಾಬಾದ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಇರಬಹುದೆಂದೂ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯು ಒಂದೆಂದೂ ಬರೆಯಿತು. ಆದರೆ ಆ ವರದಿಯು ದಶಕಗಳ ವರೆಗೆ ಜನರ ಕಣ್ಣಿಗೆ ಬೀಳಲಿಲ್ಲ. ವಿಧವೆಯ ಕಣ್ಣೀರು ಕಾಗದದಲ್ಲಿಯೇ ಉಳಿಯಿತು.

ಇನ್ನೊಂದು ವಿಚಾರಣೆಯನ್ನು ನೋಡಿರಿ. ನಮ್ಮ ರಾಜ್ಯದ ಬೈಲುಕುಪ್ಪೆಯಲ್ಲಿ 1960ರ ಸುಮಾರಿನಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಆ ಜನರಲ್ಲಿ ಕ್ಷಯರೋಗವು ಬಹಳವೆಂದು ವೈದ್ಯರು ಕಂಡರು. ಯಾಕಂದರೆ ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬನ ಕೆಮ್ಮು ಹಲವರ ರೋಗವಾಗುತ್ತದೆ. 2017ರಿಂದ ಭಾರತದಲ್ಲಿರುವ ಅವರ ಶಾಲೆಗಳಲ್ಲಿಯೂ ಮಠಗಳಲ್ಲಿಯೂ, ಸ್ವಸ್ಥರಂತೆ ಕಾಣುವವರನ್ನೂ ಪರೀಕ್ಷಿಸಿದರು. ರೋಗಿಗೆ ಗುಣಪಡಿಸುವ ಔಷಧವನ್ನೂ, ರೋಗಾಣುವು ಒಳಗೆ ಅಡಗಿದ್ದವನಿಗೆ ರೋಗವನ್ನು ತಡೆಯುವ ಔಷಧವನ್ನೂ ಕೊಟ್ಟರು. ಇಲ್ಲಿ ಕೇಳಿದ ಬಾಯಿಯ ಹಿಂದೆ ಕಟ್ಟುವ ಕೈಯೂ ಇತ್ತು.

ಸಭೆಯವರೇ, ವಾಡಿ, ಶಹಾಬಾದ, ಸೇಡಂ ಕಡೆಯ ಗಣಿಗಳಿಗೂ ಕಾರ್ಖಾನೆಗಳಿಗೂ ದೂರದಿಂದ ಬಂದವರು ನಮ್ಮ ನೆರೆಯಲ್ಲಿ ವಾಸಿಸುತ್ತಾರೆ. ಅವರ ಕೆಮ್ಮನ್ನು ಕೇಳಿ ಬಾಗಿಲು ಮುಚ್ಚಿದವರು ನಮ್ಮಲ್ಲಿ ಇಲ್ಲವೋ? ಬೋಧಿಸುವ ನಾವೂ ಮುಚ್ಚಿದ್ದುಂಟು, ದೇವರು ಕ್ಷಮಿಸಲಿ. ಈ ವಾರ ಅಂಥ ಒಂದು ಬಾಗಿಲಿಗೆ ಹೋಗಿ ಕ್ಷೇಮವನ್ನು ಕೇಳೋಣ. ಎರಡು ವಾರ ಕೆಮ್ಮಿದವನನ್ನು ಸರಕಾರಿ ದವಾಖಾನೆಗೆ ಕರಕೊಂಡು ಹೋಗೋಣ. ಅಲ್ಲಿ ಕಫದ ಪರೀಕ್ಷೆಯೂ ಔಷಧವೂ ಉಚಿತ. ಅವನ ರೋಗವನ್ನು ಬೀದಿಯ ಮಾತಾಗಿ ಮಾಡದಿರೋಣ. ಔಷಧವು ಮುಗಿಯುವ ತನಕ ಅವನನ್ನು ಬಿಡದಿರೋಣ.

ಶಿಶುವಾಗಿದ್ದಾಗ ಐಗುಪ್ತಕ್ಕೆ ಓಡಿಹೋದ ನಮ್ಮ ಕರ್ತನು ಪರದೇಶಿಯ ಗುಡಿಸಲಿನಲ್ಲಿ ನಮ್ಮನ್ನು ಎದುರುನೋಡುತ್ತಿದ್ದಾನೆ. ಆಮೆನ್.