ಸೂರ್ಯ ತಿರುಗಿದ ಮೇಲೆ ಬರುವ ಹಬ್ಬ

ನಮ್ಮ ಹಾಸ್ಟೆಲಿನ ತಾರಸಿಯ ಮೇಲೆ ಒಂದು ಕಬ್ಬಿಣದ ಸರಳಿದೆ. ನೆಲದಿಂದ ತುದಿಗೆ ಸರಿಯಾಗಿ ಒಂದು ಮೀಟರ್. ಹಳೆಯ ಡಬ್ಬಿಗೆ ಸಿಮೆಂಟು ತುಂಬಿ ಅದನ್ನು ನೆಟ್ಟವನು ನಾನೇ. ಬಟ್ಟೆ ಒಣಹಾಕಲು ಇರಬೇಕೆಂದು ಉಳಿದವರು ತಿಳಿದಿದ್ದಾರೆ, ಒಣಹಾಕಿಯೂ ಇದ್ದಾರೆ. ಡಿಸೆಂಬರ್ 22ರ ನಡುಹಗಲು, ಅಂದರೆ ಮೈಸೂರಿನಲ್ಲಿ ಗಡಿಯಾರ ಹನ್ನೆರಡೂಕಾಲು ದಾಟಿದ ಮೇಲೆ, ಸರಳಿನ ನೆರಳು 72 ಸೆಂಟಿಮೀಟರ್ ಇತ್ತು. ಇಡೀ ವರ್ಷದಲ್ಲಿ ಅದಕ್ಕಿಂತ ಉದ್ದದ ನಡುಹಗಲ ನೆರಳು ಇಲ್ಲಿ ಬೀಳುವುದಿಲ್ಲ. ಅಲ್ಲಿಂದಾಚೆಗೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕುಗ್ಗತೊಡಗಿತು.

ಸೂರ್ಯ ತೆಂಕಣದ ಕೊನೆ ಮುಟ್ಟಿ ಹಿಂದಿರುಗಿದ್ದು ಆವತ್ತು. ಉತ್ತರಾಯಣ ಶುರುವಾದದ್ದೂ ಆವತ್ತೇ. ಆದರೆ ಜನವರಿ 14ರ ಬೆಳಿಗ್ಗೆ ಟಿ.ವಿ.ಯಲ್ಲಿ ರೇಷ್ಮೆ ಶಲ್ಯ ಹೊದ್ದ ವಿದ್ವಾಂಸರೊಬ್ಬರು, ಸೂರ್ಯ ಪಥ ಬದಲಿಸುವ ಪುಣ್ಯಕಾಲ ಇಂದು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಎಂದು ಹೇಳುತ್ತಾರೆ. ನಿಮಿಷದ ಲೆಕ್ಕ ಬಲು ಪಕ್ಕಾ. ದಿನದ ಲೆಕ್ಕದಲ್ಲಿ ಮಾತ್ರ 23 ದಿನ ಹೆಚ್ಚುಕಡಿಮೆ. ಶರಶಯ್ಯೆಯ ಮೇಲೆ ಮಲಗಿ ಉತ್ತರಾಯಣಕ್ಕೆ ಕಾದ ಭೀಷ್ಮನ ಕೈಯಲ್ಲಿ ನಮ್ಮ ಪಂಚಾಂಗವಿದ್ದಿದ್ದರೆ ಆ ಮುದುಕ ಇನ್ನೂ ಮೂರು ವಾರ ಬಾಣಗಳ ಮೇಲೆ ಒದ್ದಾಡಬೇಕಿತ್ತು.

ನಾನು ಇತಿಹಾಸದ ವಿದ್ಯಾರ್ಥಿ, ಖಗೋಳದವನಲ್ಲ. ಆದರೂ ಈ 23 ದಿನಗಳು ಎಲ್ಲಿಂದ ಬಂದವು ಎಂಬುದು ಇತಿಹಾಸದ ಪ್ರಶ್ನೆಯೇ. ಭೂಮಿಯ ಅಕ್ಷ ತೂಗಾಡುವ ಬುಗುರಿಯಂತೆ ಸುಮಾರು 26,000 ವರ್ಷಕ್ಕೊಂದು ಸುತ್ತು ತಿರುಗುತ್ತದೆ. ಹಾಗಾಗಿ ಋತುಗಳ ವರ್ಷಕ್ಕೂ ನಕ್ಷತ್ರಗಳ ವರ್ಷಕ್ಕೂ ಸ್ವಲ್ಪವೇ ವ್ಯತ್ಯಾಸ: ಸುಮಾರು 72 ವರ್ಷಕ್ಕೆ ಒಂದು ದಿನ. ನಮ್ಮ ಪಂಚಾಂಗಗಳು ನಕ್ಷತ್ರದ ವರ್ಷವನ್ನು ಹಿಡಿದವು. ಅದನ್ನೇ ನಿರಯಣ ಎನ್ನುತ್ತಾರೆ. ಮಕರ ಸಂಕ್ರಾಂತಿಯೂ ಸೂರ್ಯನ ತಿರುವೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ. ಅಲ್ಲಿಂದ ಎರಡೂ ದೂರವಾಗುತ್ತಲೇ ಇವೆ. ದೂರವೇಕೆ ಹೋಗಬೇಕು, ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ತಾರೀಖು 1863ರ ಜನವರಿ 12. ನಾವು ಯುವ ದಿನವನ್ನು 12ಕ್ಕೂ ಸಂಕ್ರಾಂತಿಯನ್ನು 14ಕ್ಕೋ 15ಕ್ಕೋ ಆಚರಿಸುತ್ತೇವಲ್ಲ, ಆ ಎರಡು ಹಬ್ಬಗಳ ನಡುವೆ ಬಿದ್ದಿರುವ ಸಂದು ನೂರಅರುವತ್ತು ವರ್ಷಗಳ ಜಾರುವಿಕೆ.

ಇದು ತಿಳಿದಾಗ ನನಗೆ ಮೊದಲು ಬಂದದ್ದು ತಿದ್ದುವ ಹುಮ್ಮಸ್ಸು. ತಪ್ಪು ಗೊತ್ತಾಯಿತು, ತಿದ್ದೋಣ, ಮುಗಿಯಿತು. ಹೀಗೆ ಯೋಚಿಸಿದವರಲ್ಲಿ ನಾನು ಮೊದಲಿಗನೇನಲ್ಲ. 1952ರಲ್ಲಿ ಭಾರತ ಸರ್ಕಾರ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಗೆ ಸಮಿತಿ ಮಾಡಿತು. ದೇಶದಲ್ಲಿ ಮೂವತ್ತು ಬಗೆಯ ಪಂಚಾಂಗಗಳಿವೆಯಂತೆ ಎಂದು ನೆಹರೂ ಬೆರಗುಪಟ್ಟಿದ್ದರು. 1955ರಲ್ಲಿ ವರದಿ ಬಂತು, 1957ರ ಮಾರ್ಚ್ 22ರಂದು ಶಕ 1879ರ ಚೈತ್ರ 1 ಎಂದು ರಾಷ್ಟ್ರೀಯ ಕ್ಯಾಲೆಂಡರ್ ಜಾರಿಯಾಯಿತು. ವಸಂತ ವಿಷುವದ ಮರುದಿನವೇ ವರ್ಷಾರಂಭ. ಋತುವಿಗೆ ಕಟ್ಟಿದ ಅಚ್ಚುಕಟ್ಟಾದ ವರ್ಷ.

ಸಮಿತಿಯ ಜಾಣತನ ನನಗೆ ಕಂಡದ್ದು ಹಬ್ಬಗಳ ವಿಷಯದಲ್ಲಿ. 23 ದಿನಗಳನ್ನು ಒಮ್ಮೆಲೇ ಹಿಂದಕ್ಕೆಳೆಯಿರಿ ಎಂದು ಅದು ಹೇಳಲಿಲ್ಲ. ಜಾರಿದ್ದು ಜಾರಿತು, ಇನ್ನು ಮುಂದೆ ಜಾರದಂತೆ ಇಲ್ಲಿಗೇ ಗೂಟ ಹೊಡೆಯೋಣ ಎಂದಿತು. ಇಷ್ಟು ಮೆತ್ತನೆಯ ಸಲಹೆಯನ್ನೂ ಪಂಚಾಂಗದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಶಕ ವರ್ಷದ ದಿನಾಂಕ ರಾಜಪತ್ರದ ಮೇಲಿದೆ, ಸರ್ಕಾರಿ ಕ್ಯಾಲೆಂಡರಿನಲ್ಲಿದೆ, ಆಕಾಶವಾಣಿಯಲ್ಲಿದೆ. ನಮ್ಮ ಮನೆಯ ಗೋಡೆಯ ಮೇಲೆ ಇಲ್ಲ.

ಸಹಾ ಅವರಿಗಾದದ್ದು ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ದೊರೆಗೂ ಆಗಿತ್ತು. ಈಜಿಪ್ಟಿನ ವರ್ಷಕ್ಕೆ ಸರಿಯಾಗಿ 365 ದಿನ, ಅಧಿಕ ದಿನದ ಗೊಡವೆಯಿಲ್ಲ. ನಾಲ್ಕು ವರ್ಷಕ್ಕೊಂದು ದಿನ ಜಾರಿ ಜಾರಿ ಬೇಸಗೆಯ ಹಬ್ಬ ಚಳಿಗಾಲಕ್ಕೆ ಹೋಗುತ್ತಿತ್ತು. ಕ್ರಿ.ಪೂ. 238ರಲ್ಲಿ ಮೂರನೆಯ ಟಾಲೆಮಿಯ ಕಾಲದಲ್ಲಿ ಪುರೋಹಿತರು ಕನೋಪಸ್‌ನಲ್ಲಿ ಸೇರಿ, ನಾಲ್ಕು ವರ್ಷಕ್ಕೊಂದು ದಿನ ಸೇರಿಸಬೇಕೆಂದು ಶಾಸನವನ್ನೇ ಕೆತ್ತಿಸಿದರು. ಕಾರಣವನ್ನೂ ಬರೆದರು: ಬೇಸಗೆಯ ಹಬ್ಬ ಚಳಿಗಾಲದಲ್ಲಿ ಬರಬಾರದು. ಕಲ್ಲು ಉಳಿಯಿತು, ನಿಯಮ ನಡೆಯಲಿಲ್ಲ. ಯುರೋಪಿನಲ್ಲಿ ಹದಿಮೂರನೆಯ ಗ್ರೆಗರಿ ಪೋಪರು 1582ರ ಅಕ್ಟೋಬರ್ 4ರ ಮರುದಿನ 15 ಎಂದದ್ದು ನಡೆಯಿತೇನೋ ಸರಿ, ಆದರೆ ಪೋಪರ ಸೂರ್ಯ ನಮಗೆ ಬೇಡವೆಂದು ಇಂಗ್ಲೆಂಡು 1752ರ ವರೆಗೆ ಹಟ ಹಿಡಿಯಿತು.

ಇವೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಜಪಾನ್. 1873ರ ಜನವರಿ 1ರಿಂದ ಅಲ್ಲಿನ ಮೇಜಿ ಸರ್ಕಾರ ಹಳೆಯ ಚಾಂದ್ರ ಪಂಚಾಂಗವನ್ನು ಕೆಲವೇ ವಾರಗಳ ಮುನ್ಸೂಚನೆಯಲ್ಲಿ ಕೈಬಿಟ್ಟಿತು. ಹಳೆಯ ಲೆಕ್ಕದಲ್ಲಿ ಆ ವರ್ಷ ಅಧಿಕಮಾಸ ಬರಬೇಕಿತ್ತು. ಹದಿಮೂರನೆಯ ತಿಂಗಳ ಸಂಬಳ ಉಳಿಯುವುದೂ ಈ ಅವಸರಕ್ಕೆ ಒಂದು ಕಾರಣವಾಗಿತ್ತು. (ಸಂಬಳ ಉಳಿಸಲು ಕಾಲವನ್ನೇ ಮೊಟಕು ಮಾಡುವ ಉಪಾಯ ನಮ್ಮ ಹಣಕಾಸು ಇಲಾಖೆಗೆ ಇನ್ನೂ ಹೊಳೆದಿಲ್ಲ.) ಏಳನೆಯ ತಿಂಗಳ ಏಳನೆಯ ದಿನ ತನಾಬಾತ ಎಂಬ ಹಬ್ಬ. ಆಕಾಶಗಂಗೆಯ ಎರಡು ದಡದ ಎರಡು ನಕ್ಷತ್ರಗಳು ವರ್ಷಕ್ಕೊಮ್ಮೆ ಕೂಡುವ ರಾತ್ರಿ ಅದು. ಹಳೆಯ ಲೆಕ್ಕದಲ್ಲಿ ಆ ರಾತ್ರಿ ಸಾಮಾನ್ಯವಾಗಿ ಆಗಸ್ಟಿಗೆ ಬರುತ್ತಿತ್ತು, ಬಾನು ತಿಳಿಯಾಗಿರುತ್ತಿತ್ತು. ಹೊಸ ಲೆಕ್ಕದಲ್ಲಿ ಅದನ್ನು ಜುಲೈ 7ಕ್ಕೆ ಕೂರಿಸಿದರು. ಅದು ಮುಂಗಾರಿನ ನಡುಮಧ್ಯ. ನಕ್ಷತ್ರದ ಹಬ್ಬದಂದು ನಕ್ಷತ್ರವೇ ಇಲ್ಲ! ಸೆಂದಾಯ್ ಊರಿನವರು ಕಂಡುಕೊಂಡ ದಾರಿ ನೋಡಿ. ತಾರೀಖು ಏಳೇ ಇರಲಿ, ತಿಂಗಳನ್ನು ಒಂದು ಮುಂದೆ ಹಾಕೋಣ ಎಂದು ಆಗಸ್ಟಿನಲ್ಲಿ ಆಚರಿಸುತ್ತಾರೆ. ಅದು ಸರ್ಕಾರದ ಲೆಕ್ಕವೂ ಅಲ್ಲ, ಚಂದ್ರನ ಲೆಕ್ಕವೂ ಅಲ್ಲ, ಆದರೆ ಮೋಡ ಸರಿದಿರುತ್ತದೆ.

ಇಲ್ಲಿ ನನ್ನ ಹುಮ್ಮಸ್ಸು ತುಸು ಇಳಿಯಿತು. ತಿದ್ದುವವರು ಯಾರು, ಯಾತಕ್ಕೆ ತಿದ್ದುತ್ತಾರೆ ಎಂದು ಕೇಳಿಕೊಂಡಾಗ ಇನ್ನೂ ಇಳಿಯಿತು. 895ರಲ್ಲಿ ಬಾಗ್ದಾದಿನ ಖಲೀಫ ಅಲ್-ಮುತದಿದ್ ಪರ್ಷಿಯನ್ನರ ಹೊಸವರ್ಷದ ಹಬ್ಬವಾದ ನೌರೂಜನ್ನು ಜೂನ್ ತಿಂಗಳಿಗೆ ಸರಿಸಿದ. ಅವನ ಕಾಳಜಿ ವಸಂತದ ಬಗ್ಗೆಯಾಗಿರಲಿಲ್ಲ. ನೌರೂಜಿನಂದು ಕಂದಾಯ ವಸೂಲಿ ಶುರು; ಹಬ್ಬ ಜಾರಿ ಪೈರು ಹಸಿರಿರುವಾಗಲೇ ಬರತೊಡಗಿತ್ತು; ಕುಯ್ಯದ ಬೆಳೆಗೆ ರೈತ ಎಲ್ಲಿಂದ ತೆರಿಗೆ ಕಟ್ಟಿಯಾನು? ಕಲಬುರಗಿ ಜಿಲ್ಲೆಯ ನಮ್ಮೂರಿನ ಮನೆಯ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಜಮೀನಿನ ಕಾಗದವಿದೆ. ಅದರ ಮೇಲಿನ ವರ್ಷ ಕ್ರಿಸ್ತನದ್ದಲ್ಲ, ಶಕೆಯದ್ದಲ್ಲ, ಹಿಜರಿಯದ್ದೂ ಅಲ್ಲ; ಫಸಲಿ. ಹಿಜರಿ ವರ್ಷ 354 ದಿನದ್ದು, ಬೆಳೆಯ ಜೊತೆ ಹೆಜ್ಜೆ ಹಾಕುವುದಿಲ್ಲವೆಂದು ಅಕ್ಬರನ ಕಾಲದಲ್ಲಿ ಹುಟ್ಟಿದ ಕಂದಾಯದ ವರ್ಷ ಅದು. ಹೊಲದ ಫಸಲು, ಕಚೇರಿಯ ಫಸಲಿ: ಎರಡೂ ಒಂದೇ ಪದದ ಮಕ್ಕಳು. ಋತುವಿಗೆ ನಿಷ್ಠವಾದ ಕ್ಯಾಲೆಂಡರೆಲ್ಲ ರೈತನ ಪರವೆಂದು ತಿಳಿದಿದ್ದೆ. ಬಹುಪಾಲು ಅದು ರೈತನ ಕಣಜ ತುಂಬುವ ದಿನವನ್ನು ಹೊಂಚಿ ನೋಡುವವರ ಪರವೂ ಆಗಿತ್ತು.

ಹಾಗಾದರೆ ಜಾರಿದ ಹಬ್ಬವನ್ನು ಜನ ಬಿಡದೆ ಹಿಡಿದುಕೊಂಡದ್ದು ಬರೀ ಮೌಢ್ಯವೇ? ನನಗೆ ಹಾಗನ್ನಿಸುವುದಿಲ್ಲ. ‘ಇಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ’ ಎಂಬುದು ಒಂದು ಹೇಳಿಕೆ. ‘ಇಂದು ಸಂಕ್ರಾಂತಿ’ ಎಂಬುದು ಹೇಳಿಕೆಯಂತೆ ಕಾಣುವ ಕರೆ. ಹೇಳಿಕೆಯನ್ನು ನಿಜವೋ ಸುಳ್ಳೋ ಎಂದು ಕೇಳಬಹುದು. ಕರೆಯನ್ನು ಹಾಗೆ ಕೇಳುವಂತಿಲ್ಲ. ಅದಕ್ಕೆ ಓಗೊಡುತ್ತಾರೆ ಅಥವಾ ಓಗೊಡುವುದಿಲ್ಲ. ಮದುವೆಯ ಮುಹೂರ್ತ ತಪ್ಪಾಗಿತ್ತೆಂದು ಆಮೇಲೆ ಗೊತ್ತಾದರೂ ಮದುವೆ ಸುಳ್ಳಾಗುವುದಿಲ್ಲ, ಬಂದವರು ಬಂದಿದ್ದರು, ಉಂಡವರು ಉಂಡಿದ್ದರು. ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೊರಡುವುದು ಎಲ್ಲರೂ ಒಂದೇ ದಿನ ಬಾಗಿಲು ತೆರೆದಿಟ್ಟಾಗ ಮಾತ್ರ. ನಾನೊಬ್ಬ ಡಿಸೆಂಬರ್ 22ಕ್ಕೆ ಎಳ್ಳುಬೆಲ್ಲ ಹಿಡಿದು ಪಕ್ಕದ ಮನೆಯ ಕದ ತಟ್ಟಿದರೆ ಆಕಾಶದ ಲೆಕ್ಕದಲ್ಲಿ ಸರಿಯಾಗಿರುತ್ತೇನೆ, ಆದರೆ ಅದು ಹಬ್ಬವಾಗಿರುವುದಿಲ್ಲ.

ಇದಕ್ಕೊಂದು ಎದುರುಮಾತು ಇದೆ, ಅದು ಬಲವಾದದ್ದು. ಬರೀ ಒಪ್ಪಂದವೇ ಸಾಕಾದರೆ ಋತುವಿನ ಹೆಸರೇಕೆ? ಯಾವ ದಿನವಾದರೂ ನಡೆಯಬೇಕಲ್ಲ? ಆಸ್ಟ್ರೇಲಿಯಾದಲ್ಲಿ ಡಿಸೆಂಬರಿನ ಉರಿಬಿಸಿಲಲ್ಲಿ ಕ್ರಿಸ್ಮಸ್ ಅಂಗಡಿಗಳಿಗೆ ಹತ್ತಿಯ ಹಿಮ ಅಂಟಿಸುತ್ತಾರೆ. ಅಲ್ಲಿ ಕರೆ ಉಳಿದಿದೆ, ಋತು ಬೇರೆ ಗೋಳಾರ್ಧದಲ್ಲಿದೆ. ನಮ್ಮೂರಿನ ಪೀರಲ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಋತುವೇ ಇಲ್ಲ. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೆ ಒಂದು ಪೂರ್ತಿ ಸುತ್ತು ಹಾಕುತ್ತದೆ. ಅಪ್ಪ ಅಲಾಯಿ ಕುಣಿಯೆಂಬ ಬೆಂಕಿಗುಂಡಿಯ ಸುತ್ತ ಕೆಸರಲ್ಲೂ ಹೆಜ್ಜೆ ಹಾಕಿದ್ದಾರೆ, ಬಿರುಬಿಸಿಲಲ್ಲೂ ಹಾಕಿದ್ದಾರೆ. ಹಿಂದೂ ಮುಸ್ಲಿಂ ಎನ್ನದೆ ಊರೇ ಸೇರುವ ಆ ಹಬ್ಬಕ್ಕೆ ಬಿಸಿಲು ಮಳೆಯ ಆಧಾರ ಬೇಕಾಗಿಲ್ಲ. ರಬಿ ಎಂದರೆ ವಸಂತ, ರಂಜಾನ್ ಎಂಬುದರ ಮೂಲದಲ್ಲಿ ಸುಡುವ ಬಿಸಿಯ ಅರ್ಥವಿದೆ. ಹೆಸರಿನಲ್ಲಿ ಋತು ಉಳಿದು ತಿಂಗಳುಗಳು ಋತುವಿನಿಂದ ಬಿಡುಗಡೆ ಪಡೆದಿವೆ.

ಆದರೂ ಋತುವಿನ ಹಬ್ಬಗಳನ್ನು ಋತುವಿಗೆ ಹಿಡಿದಿಟ್ಟ ಒಂದು ಬೇರು ನನಗೆ ಮೈಸೂರಿಗೆ ಬಂದಮೇಲೆ ಕಂಡಿತು, ಅದು ಆಕಾಶದಲ್ಲಿಲ್ಲ. ಇಲ್ಲಿ ಸಂಕ್ರಾಂತಿಯೇ ಸುಗ್ಗಿ: ಕಬ್ಬು, ಅವರೆಕಾಯಿ, ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು. ನಮ್ಮ ಕಡೆ ದೊಡ್ಡದು ಎಳ್ಳಮಾವಾಸ್ಯೆ. ಸಾಮಾನ್ಯವಾಗಿ ಡಿಸೆಂಬರಿನ ಕೊನೆಗೋ ಜನವರಿಯ ಮೊದಲಿಗೋ ಬರುತ್ತದೆ. ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಎಡೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ದಕ್ಷಿಣದವರು ಕೊಯ್ದದ್ದಕ್ಕೆ ಹಬ್ಬ ಮಾಡಿದರೆ ನಾವು ಇನ್ನೂ ಕೊಯ್ಯದಿರುವುದಕ್ಕೆ ಮಾಡುತ್ತೇವೆ. ಒಂದೇ ರಾಜ್ಯ, ಒಂದೇ ಸೂರ್ಯ, ಒಂದೇ ಎಳ್ಳು. ಹೊಲ ಬೇರೆ, ಹಬ್ಬ ಬೇರೆ. ಸಂಕ್ರಾಂತಿಯನ್ನು 23 ದಿನ ಹಿಂದೆ ಎಳೆದರೆ ಸೂರ್ಯನಿಗೆ ಸರಿಹೋಗಬಹುದು, ಕಣದಲ್ಲಿರುವ ರಾಗಿಯನ್ನು ಯಾರು ಕೇಳಿದರು? ಪ್ಯಾರಿಸಿನ ಕ್ರಾಂತಿಕಾರರು 1793ರಲ್ಲಿ ಮಾಡಿದ ತಪ್ಪೂ ಇಂಥದ್ದೇ. ಇಡೀ ಮನುಕುಲಕ್ಕೆಂದು ಹೊಸ ಕ್ಯಾಲೆಂಡರ್ ಮಾಡಿ ತಿಂಗಳುಗಳಿಗೆ ಮಂಜು, ಹಿಮ, ದ್ರಾಕ್ಷಿ ಕೊಯ್ಲಿನ ಹೆಸರಿಟ್ಟರು. ಕೆರಿಬಿಯನ್ನಿನ ಅವರದೇ ವಸಾಹತಿನಲ್ಲಿ ಹಿಮದ ತಿಂಗಳು ಬಂದಾಗ ಕಬ್ಬಿನ ಗದ್ದೆ ಸುಡುತ್ತಿತ್ತು. ಹನ್ನೆರಡು ವರ್ಷ ನಡೆದು ಅದು ನಿಂತುಹೋಯಿತು.

ಇಷ್ಟೆಲ್ಲ ಆದಮೇಲೆ ಟಿ.ವಿ.ಯ ವಿದ್ವಾಂಸರ ಮೇಲೆ ನನಗೆ ಕೋಪ ಉಳಿಯಬಾರದಿತ್ತು. ಉಳಿದಿದೆ. ಅವರು ಕರೆಯನ್ನು ಹೇಳಿಕೆಯ ಉಸಿರಿನಲ್ಲೇ ಹೇಳುತ್ತಾರೆ. ಬನ್ನಿ, ಹಬ್ಬ ಮಾಡೋಣ ಎಂದರೆ ನನ್ನ ತಕರಾರಿಲ್ಲ. ಸೂರ್ಯ ಈಗಷ್ಟೇ ತಿರುಗಿದ ಎಂದಾಗ ಅದು ನನ್ನ ಸರಳಿಗೆ ಸಂಬಂಧಿಸಿದ ಮಾತಾಗುತ್ತದೆ. ಸಂಪ್ರದಾಯದ ಹೆಸರಿನಲ್ಲಿ ಇದನ್ನು ಹೇಳುವವರಿಗೆ ಅದೇ ಸಂಪ್ರದಾಯದ ವರಾಹಮಿಹಿರ ಮರೆತುಹೋಗಿದ್ದಾನೆ ಎಂಬುದು ನನ್ನ ದೂರು. ಆರನೆಯ ಶತಮಾನದ ಆ ಜ್ಯೋತಿಷಿ ತನ್ನ ಬೃಹತ್ಸಂಹಿತೆಯಲ್ಲಿ ಹಳೆಯ ಶಾಸ್ತ್ರಗಳ ಮಾತನ್ನು ಎತ್ತಿಕೊಂಡು, ಹಿಂದೆ ಸೂರ್ಯನ ಉತ್ತರದ ತಿರುವು ಧನಿಷ್ಠೆಯ ಮೊದಲಿನಲ್ಲಿತ್ತಂತೆ, ಈಗ ಮಕರದ ಮೊದಲಿನಲ್ಲಿದೆ ಎನ್ನುತ್ತಾನೆ. ಹಿರಿಯರು ಸುಳ್ಳು ಹೇಳಿದರೆಂದು ಅವನು ಬೈಯಲಿಲ್ಲ, ಹಿರಿಯರು ಹೇಳಿದ್ದೇ ಸರಿಯೆಂದು ಕಣ್ಣು ಮುಚ್ಚಲೂ ಇಲ್ಲ. ಸಂಶಯ ಬಂದರೆ ನೀವೇ ನೋಡಿಕೊಳ್ಳಿ ಎಂದು ವಿಧಾನವನ್ನೂ ಕೊಟ್ಟ: ದೂರದ ಗುರುತೊಂದಕ್ಕೆ ಸರಿಯಾಗಿ ಸೂರ್ಯ ಹುಟ್ಟುವ ಮುಳುಗುವ ಜಾಗ ಗಮನಿಸಿ, ಇಲ್ಲವೇ ನೆಲದ ಮೇಲೆ ದೊಡ್ಡ ವೃತ್ತ ಬರೆದು ನೆರಳು ಒಳಬರುವ ಹೊರಹೋಗುವ ಗುರುತು ಹಾಕಿ. ಮಕರಕ್ಕೆ ಉತ್ತರಾಯಣವನ್ನು ಕಟ್ಟಿದ್ದು ಹೀಗೆ ನೆರಳು ಅಳೆದವರು. ಅವರು ಅಳೆದು ತಂದ ದಿನವನ್ನು ನಾವು ಇಟ್ಟುಕೊಂಡೆವು, ಅಳೆಯುವ ಕೋಲನ್ನು ಅಟ್ಟಕ್ಕೆ ಹಾಕಿದೆವು.

ಊರಿನ ರೈತರು ಈ ವಿಷಯದಲ್ಲಿ ವಿದ್ವಾಂಸರಿಗಿಂತ ವರಾಹಮಿಹಿರನಿಗೆ ಹತ್ತಿರ. ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಯ ನಕ್ಷತ್ರಗಳನ್ನು ಬೆರಳಲ್ಲಿ ಎಣಿಸುತ್ತಾರೆ. ಆ ನಕ್ಷತ್ರಗಳೂ 72 ವರ್ಷಕ್ಕೊಂದು ದಿನ ಜಾರುತ್ತಿವೆ. ಆದರೆ ಮಿರಗ ಬಂತೆಂದು ಯಾರೂ ಒಣನೆಲಕ್ಕೆ ಬೀಜ ಚೆಲ್ಲುವುದಿಲ್ಲ. ನಕ್ಷತ್ರದ ಹೆಸರು ಹೇಳುತ್ತಾರೆ, ಮುಗಿಲು ನೋಡುತ್ತಾರೆ, ಮಣ್ಣು ಹಿಂಡಿ ನೋಡುತ್ತಾರೆ, ಆಮೇಲೆ ಕೂರಿಗೆ ಹೂಡುತ್ತಾರೆ.

ಜನವರಿ 14ರಂದು ಹಾಸ್ಟೆಲು ಅರ್ಧ ಖಾಲಿಯಾಗಿತ್ತು. ನಡುಹಗಲಿಗೆ ತಾರಸಿಗೆ ಹೋಗಿ ಒಣಹಾಕಿದ್ದ ಯಾರದೋ ಟವೆಲು ತೆಗೆದು ನೆರಳು ಅಳೆದೆ. 67 ಸೆಂಟಿಮೀಟರಿಗೆ ತುಸು ಕಡಿಮೆ. ಡಿಸೆಂಬರಿನ ಸೀಮೆಸುಣ್ಣದ ಗೆರೆಗೂ ಇವತ್ತಿನದಕ್ಕೂ ನಡುವೆ ನಾಲ್ಕು ಬೆರಳು ಇಡುವಷ್ಟು ಜಾಗ ಕೂಡ ಇಲ್ಲ. ಮಂಡ್ಯ ಕಡೆಯ ಗೆಳೆಯನೊಬ್ಬ ಮನೆಯಿಂದ ತಂದ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದ. ಏನು ಅಳೀತಿದ್ದೀಯ ಅಂದ. ಹೇಳಿದೆ. ಉತ್ತರಾಯಣ ಶುರುವಾಗಿ 23 ದಿನ ಆಯ್ತು ಅಂದೆ. ಅವನು ಗೆರೆಗಳನ್ನು ನೋಡಿದ, ಸರಳನ್ನು ನೋಡಿದ, ಪೊಟ್ಟಣದಿಂದ ಒಂದು ಹಿಡಿ ನನ್ನ ಅಂಗೈಗೆ ಸುರಿದ.

‘ಹಂಗಾದ್ರೆ ಇದು ತಡವಾಯ್ತಾ?’

ಸಕ್ಕರೆ ಅಚ್ಚು ಆಗಲೇ ಬಾಯಲ್ಲಿತ್ತು, ಉತ್ತರ ಹೇಳಲು ಆಗಲಿಲ್ಲ.